ಹೊಳೆಯುವ ಡೆಕ್ಕು, ಕೊಳೆತ ತಿರುಳು

ಹಾನಗಲ್ಲಿನ ಆನೆಕೆರೆ, ಶಿಗ್ಗಾವಿಯ ನಾಗನೂರು ಕೆರೆ, ಸವಣೂರಿನ ಮೋತಿ ತಲಾಬ್, ಹಿರೇಕೆರೂರಿನ ದುರ್ಗಾದೇವಿ ಕೆರೆ ಇವುಗಳ ದಂಡೆಯಲ್ಲಿ ಬದುಕು ಕಟ್ಟಿಕೊಂಡ ಜನರಿಗೆ ನೀರು ಹೊಸದಲ್ಲ. ಹಿರೇಕೆರೂರಿಗಂತೂ ಹೆಸರಿನಲ್ಲಿಯೇ ಕೆರೆಯಿದೆ. ಆದರೆ ನಮ್ಮ ಹಿರಿಯರು ಬಲ್ಲ ಜಲವಾಹನವೆಂದರೆ ವರದಾ ತುಂಗಭದ್ರೆಯರ ಹರಿಗೋಲು. ಬಿದಿರಿನ ಹೆಣಿಗೆ, ಅದರ ಮೇಲೆ ಒಂದು ಕಾಲಕ್ಕೆ ಎಮ್ಮೆಯ ತೊಗಲು, ಅನಂತರ ಡಾಂಬರು ಬಳಿದ ಪ್ಲಾಸ್ಟಿಕ್ ಹೊದಿಕೆ. ಹರಿಗೋಲಿನ ಬಿದಿರು ಮುರಿದರೆ ಕಣ್ಣಿಗೆ ಕಾಣುತ್ತಿತ್ತು, ಹೊದಿಕೆ ಹರಿದರೆ ಕಾಲು ಒದ್ದೆಯಾಗುತ್ತಿತ್ತು. ಅದರ ದೋಷ ಅಡಗಿ ಕೂರುವಂಥದ್ದಲ್ಲ. ಈಗ ಹರಿಗೋಲೂ ಫೈಬರಿನದಾಗಿದೆ. ಪ್ರವಾಸಿ ತಾಣಗಳಲ್ಲಿ ನಮ್ಮ ಮಕ್ಕಳು ಹತ್ತುವ ದೋಣಿಗಳಲ್ಲಿ ಬಹುಪಾಲು ಫೈಬರಿನವೇ. ಈ ವಸ್ತುವಿನ ಗುಣವನ್ನೂ ಅವಗುಣವನ್ನೂ ನಾವು ಇನ್ನೂ ಅರಿತುಕೊಳ್ಳಬೇಕಾಗಿದೆ.

ಇಂಥ ವಿಷಯವನ್ನು ಧಾರ್ಮಿಕ ಅಂಕಣಕ್ಕೆ ತಂದದ್ದೇಕೆ ಎಂದು ಓದುಗರು ಕೇಳಿಯಾರು. ಕಡಲ ತೀರದಲ್ಲಿ ನೆಂಟರನ್ನುಳ್ಳ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಹಲವಿವೆ. ಅಂಥ ಒಂದು ಮನೆಯ ಹಿರಿಯರು ಭಾನುವಾರದ ಬಲಿಪೂಜೆಯ ಬಳಿಕ ನಮ್ಮನ್ನು ಕಂಡು, "ಫಾದರ್, ಹೊನ್ನಾವರದ ಕಡೆ ನಮ್ಮ ತಮ್ಮನದೊಂದು ಹಳೇ ಫೈಬರ್ ದೋಣಿ ಐತ್ರಿ. ಹಿನ್ನೀರಿನಾಗ ಮಂದೀನ ಕೂಡಿಸಿಕೊಂಡು ಹೋಗ್ತಾನ. ಡೆಕ್ಕಿನ ಮ್ಯಾಲೆ ಕಾಲಿಟ್ರ ಮೆತ್ತಗ ತಗ್ಗತದಂತ. ಮ್ಯಾಲೊಂದು ಪದರ ಹೊಡಿಸಿ ಬಣ್ಣಾ ಹಚ್ಚಿದ್ರ ಸಾಕಲ್ರಿ?" ಎಂದು ಕೇಳಿದರು. ದೋಣಿ ಅಡವಿಟ್ಟ ಸಾಲವಿತ್ತು, ಮಗಳ ಮದುವೆಯ ಮಾತುಕತೆ ನಡೆದಿತ್ತು, ಪ್ರವಾಸಿಗರ ಋತು ಎದುರಿಗಿತ್ತು. ಪದರ ಹೊಡೆಸಿದರೆ ಎರಡು ದಿನದ ಕೆಲಸ, ಡೆಕ್ಕು ಬಿಚ್ಚಿ ಕಟ್ಟಿದರೆ ತಿಂಗಳು ಹಿಡಿದೀತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಬಲ್ಲವರಿಂದ ಕೇಳಿ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಡೆಕ್ಕು ಎಂದರೆ ದೋಣಿಯಲ್ಲಿ ಜನ ನಿಲ್ಲುವ, ನಡೆಯುವ ಮೇಲ್ಹಾಸು. ಫೈಬರ್ ದೋಣಿಯ ಡೆಕ್ಕು ಒಂದೇ ಹಲಗೆಯಲ್ಲ. ನಮ್ಮ ಹೋಳಿಗೆಯನ್ನು ನೆನೆದರೆ ಅದರ ರಚನೆ ತಿಳಿಯುತ್ತದೆ. ಮೇಲೊಂದು ಕೆಳಗೊಂದು ಗಾಜಿನ ನಾರಿನ ತೆಳು ಪದರ, ನಡುವೆ ಹೂರಣದಂತೆ ಒಂದು ತಿರುಳು. ಆ ತಿರುಳು ಪ್ಲೈವುಡ್ ಆಗಿರಬಹುದು, ಬಾಲ್ಸಾ ಎಂಬ ಹಗುರ ಮರವಾಗಿರಬಹುದು, ನೊರೆಯಂಥ ಫೋಮ್ ಆಗಿರಬಹುದು. ಗಾಜಿನ ನಾರು ಎಳೆತಕ್ಕೆ ಗಟ್ಟಿ, ಆದರೆ ತೆಳುವಾಗಿದ್ದರೆ ಬಾಗುತ್ತದೆ. ಹಲಗೆಯ ದಪ್ಪ ಇಮ್ಮಡಿಸಿದರೆ ಅದರ ಬಿಗಿ ಎಂಟು ಪಟ್ಟು ಹೆಚ್ಚುತ್ತದೆಂಬುದು ಎಂಜಿನಿಯರರು ಬಲ್ಲ ನಿಯಮ. ಆದುದರಿಂದ ಎರಡು ಪದರಗಳನ್ನು ದೂರ ಇರಿಸಿ ನಡುವೆ ಹಗುರವಾದುದನ್ನು ತುಂಬಿದರೆ ಕಡಮೆ ತೂಕದಲ್ಲಿ ಹೆಚ್ಚು ಬಿಗಿ ದೊರೆಯುತ್ತದೆ. ಇದಕ್ಕೆ ಒಂದೇ ಷರತ್ತು: ಮೂರೂ ಒಂದಕ್ಕೊಂದು ಅಂಟಿಕೊಂಡೇ ಇರಬೇಕು.

ಗಾಜಿನ ನಾರು ಕೊಳೆಯುವುದಿಲ್ಲ. 1940ರ ದಶಕದಲ್ಲಿ ಇಂಥ ದೋಣಿಗಳು ಹುಟ್ಟಿದಾಗ ಇವಕ್ಕೆ ಮುಪ್ಪೇ ಇಲ್ಲವೆಂದು ಜನ ನಂಬಿದ್ದರು. ಒಡಲಿನ ಮಟ್ಟಿಗೆ ಆ ನಂಬಿಕೆ ಬಹುಪಾಲು ನಿಜವೇ ಆಯಿತು. ಆದರೆ ಡೆಕ್ಕಿನ ಮೇಲೆ ಹಗ್ಗ ಕಟ್ಟುವ ಗೂಟ, ಕೈಹಿಡಿಯ ಕಂಬಿ, ಆಸನದ ಕಾಲು ಇವನ್ನು ಕೂರಿಸಲು ರಂಧ್ರ ಕೊರೆಯುತ್ತಾರೆ. ಆ ಬೋಲ್ಟಿನ ಸುತ್ತ ಬಳಿದ ಅಂಟು ಕೆಲವು ವರ್ಷಗಳಲ್ಲಿ ಬಿರಿಯುತ್ತದೆ. ಕೂದಲೆಳೆಯಷ್ಟು ಸಂದಿ ಸಾಕು. ಮಳೆಯ ನೀರು ಒಳಗಿಳಿದು ತಿರುಳನ್ನು ಸೇರುತ್ತದೆ. ಮೇಲೂ ಕೆಳಗೂ ನೀರು ದಾಟದ ಪದರವಿರುವುದರಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ಮರ ಉಬ್ಬುತ್ತದೆ, ಅಂಟು ಬಿಡುತ್ತದೆ, ಕೊನೆಗೆ ನೆನೆದ ಹೊಗೆಸೊಪ್ಪಿನಂತೆ ಕರಗಿ ಕಪ್ಪಾಗುತ್ತದೆ. ಡೆಕ್ಕು ಮಾತ್ರ ಮೊದಲಿನಂತೆಯೇ ಹೊಳೆಯುತ್ತಿರುತ್ತದೆ. ನೀರನ್ನು ತಡೆಯುವ ಗುಣವೇ ನೀರನ್ನು ಸೆರೆಯಿಟ್ಟುಕೊಳ್ಳುವ ಗುಣವೂ ಆಗುವ ಈ ವಿಪರ್ಯಾಸ ತತ್ತ್ವಶಾಸ್ತ್ರ ಓದಿದ ನಮಗೆ ಬಹಳ ಹೊತ್ತು ಯೋಚನೆ ಹಚ್ಚಿತು.

ಪರೀಕ್ಷೆ ಸುಲಭ. ಸಂತೆಯಲ್ಲಿ ಗಡಿಗೆ ಕೊಳ್ಳುವ ತಾಯಂದಿರು ಗೆಣ್ಣಿನಿಂದ ಬಡಿದು ನಾದ ಕೇಳುತ್ತಾರಲ್ಲವೇ? ಸಣ್ಣ ಸುತ್ತಿಗೆಯ ಹಿಡಿಯಿಂದ ಡೆಕ್ಕನ್ನು ಗೇಣು ಗೇಣಿಗೆ ಬಡಿಯುತ್ತ ಹೋದರೆ ಗಟ್ಟಿ ಇದ್ದಲ್ಲಿ ಚುರುಕಾದ ಸದ್ದು, ಕೊಳೆತಲ್ಲಿ ಮಂದವಾದ ಸದ್ದು. ಮಂದ ಸದ್ದಿನ ಗಡಿಯನ್ನು ಸೀಮೆಸುಣ್ಣದಿಂದ ಗುರುತಿಸುತ್ತ ಹೋದರೆ ರೋಗದ ನಕಾಶೆ ತಾನಾಗಿ ಮೂಡುತ್ತದೆ. ಹೊನ್ನಾವರದ ಆ ದೋಣಿಯಲ್ಲಿ ಕಾಲು ತಗ್ಗುತ್ತಿದ್ದುದು ಒಂದು ಮಾರು ಜಾಗದಲ್ಲಿ ಮಾತ್ರ. ಸೀಮೆಸುಣ್ಣ ಸುತ್ತುವರಿದದ್ದು ಅರ್ಧ ಡೆಕ್ಕನ್ನು. ಮೇಲೆ ಪದರ ಹೊಡೆಸುವ ಮಾತು ಅಲ್ಲಿಗೆ ನಿಂತಿತು. ಒದ್ದೆ ತಿರುಳಿನ ಮೇಲೆ ಎಷ್ಟು ಪದರ ಹಾಕಿದರೂ ಅದು ಕೊಳೆತಕ್ಕೆ ಹೊದಿಸಿದ ಕಂಬಳಿಯಷ್ಟೇ. ತೂಕ ಹೆಚ್ಚುತ್ತದೆ, ಬಲ ಹೆಚ್ಚುವುದಿಲ್ಲ, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕಾಲಿಗೆ ಸಿಗುತ್ತಿದ್ದ ಎಚ್ಚರಿಕೆಯೂ ಮುಚ್ಚಿಹೋಗುತ್ತದೆ. ಪಾಪನಿವೇದನೆಯ ಪೀಠದಲ್ಲಿ ಕೂತ ಯಾವ ಗುರುವಿಗೂ ಈ ಬಗೆಯ ದುರಸ್ತಿ ಅಪರಿಚಿತವಲ್ಲ.

ಇನ್ನು ಕೆಲಸದ ಕ್ರಮ. ಎಲ್ಲಕ್ಕಿಂತ ಮೊದಲು ದೋಣಿಯನ್ನು ದಡಕ್ಕೆ ತಂದು ಒಡಲಿಗೆ ಎರಡೂ ಬದಿಯಿಂದ ಆಧಾರ ಕೊಡಬೇಕು. ಡೆಕ್ಕು ಬರೀ ಮುಚ್ಚಳವಲ್ಲ. ಮನೆಯ ತೊಲೆ ಎರಡು ಗೋಡೆಗಳನ್ನು ಹಿಡಿದಂತೆ ಅದು ಎರಡು ಪಕ್ಕಗಳನ್ನು ಹಿಡಿದಿರುತ್ತದೆ. ಆಧಾರವಿಲ್ಲದೆ ಅದನ್ನು ಕತ್ತರಿಸಿದರೆ ಒಡಲು ಅಗಲಕ್ಕೆ ಸರಿಯುತ್ತದೆ, ಆ ಸೊಟ್ಟ ಆಕಾರದಲ್ಲಿಯೇ ಹೊಸ ಡೆಕ್ಕು ಬಿಗಿದು ಕೂರುತ್ತದೆ. ಅನಂತರ ಅಂಚಿನಲ್ಲಿ ಎರಡು ಮೂರು ಬೆರಳು ಬಿಟ್ಟು ಮೇಲ್ಪದರವನ್ನು ಮಾತ್ರ ಕತ್ತರಿಸಿ ತೆಗೆಯಬೇಕು. ಆ ಪದರ ಗಟ್ಟಿಯಾಗಿದ್ದರೆ ಎಸೆಯಬೇಕಾಗಿಲ್ಲ, ಮತ್ತೆ ಕೂರಿಸಬಹುದು. ಒಳಗಿನ ಕೊಳೆತವನ್ನು ಉಳಿಯಿಂದ ಕೆರೆದು, ಗಟ್ಟಿ ಮರ ಸಿಗುವವರೆಗೆ ಸಾಗಬೇಕು. ಇನ್ನು ನಾಲ್ಕು ಬೆರಳು ಉಳಿದಿದೆ, ಸಾಕು ಬಿಡಿ ಎನ್ನುವ ಆಸೆ ಹುಟ್ಟುವುದು ಇಲ್ಲಿಯೇ.

ಕೆರೆದಾದ ಮೇಲೆ ಒಣಗಿಸುವುದು. ಇದಕ್ಕೆ ದಿನಗಳಲ್ಲ, ಕೆಲವೊಮ್ಮೆ ವಾರಗಳೇ ಬೇಕು. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಬಹುಮಂದಿಗೆ ದುರಸ್ತಿಯ ಬಿಡುವು ಸಿಗುವುದು ಆಗಲೇ. ಆದರೆ ರೆಸಿನ್ ಎಂಬ ಅಂಟುರಾಳಕ್ಕೆ ಮುಂಗಾರಿನ ತೇವ ಬದ್ಧವೈರಿ. ಬೇಸಿಗೆಯಲ್ಲಿ ದುಡಿಮೆ ಬಿಡಬೇಕು, ಮಳೆಗಾಲದಲ್ಲಿ ಅಂಟು ಹಿಡಿಯುವುದಿಲ್ಲ. ಬಡ ದೋಣಿಗಾರನ ಇಕ್ಕಟ್ಟು ಇದು.

ರೆಸಿನ್ನಿನಲ್ಲಿಯೂ ಎರಡು ಜಾತಿ. ಅಗ್ಗದ ಪಾಲಿಯೆಸ್ಟರ್ ಹೊಸ ದೋಣಿ ಎರೆಯಲು ಒಳ್ಳೆಯದು, ಆದರೆ ಎಂದೋ ಗಟ್ಟಿಯಾದ ಹಳೆಯ ಪದರಕ್ಕೆ ಅದರ ಹಿಡಿತ ದುರ್ಬಲ. ಎಪಾಕ್ಸಿ ದುಬಾರಿ, ಆದರೆ ಹಳತಕ್ಕೆ ಹೊಸತನ್ನು ಬೆಸೆಯುವುದರಲ್ಲಿ ಅದು ಮೇಲು. ಪಾಲಿಯೆಸ್ಟರ್ ಬಳಸುವವರಿಗೆ ಒಂದು ಎಚ್ಚರಿಕೆ: ಅದಕ್ಕೆ ಸೇರಿಸುವ ಕೋಬಾಲ್ಟ್ ದ್ರಾವಣವನ್ನೂ ಗಟ್ಟಿಗೊಳಿಸುವ ಪೆರಾಕ್ಸೈಡ್ ದ್ರವವನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು. ಬೆಂಕಿಯೇಳಬಹುದು, ಸಿಡಿಯಬಹುದು. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಆ ಪೆರಾಕ್ಸೈಡಿನ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗಾಜಿನ ನಾರನ್ನು ಉಜ್ಜುವಾಗ ಮೂಗಿಗೆ ತಕ್ಕ ಮುಸುಕು ಕಟ್ಟದೆ ಕೆಲಸ ಮಾಡುವ ಹುಡುಗರನ್ನು ಕಂಡಾಗ ನಮಗೆ ಸಿಟ್ಟು ಬರುತ್ತದೆ, ಅವರ ಮೇಲಲ್ಲ, ಮುಸುಕು ಕೊಡಿಸದ ಯಜಮಾನರ ಮೇಲೆ.

ದುರಸ್ತಿ ಎಂಬ ಮಾತಿಗೆ ಶುಭಸಂದೇಶದಲ್ಲಿ ಒಂದು ಸೊಗಸಾದ ಬೇರು ಇದೆ. ಜೆಬೆದಾಯನ ಮಕ್ಕಳಾದ ಯಕೋಬ ಯೊವಾನ್ನರನ್ನು ಪ್ರಭು ಕರೆದಾಗ ಅವರು ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರು. ಅಲ್ಲಿ ಸಂತ ಮತ್ತಾಯರು ಬಳಸಿದ ಗ್ರೀಕ್ ಕ್ರಿಯಾಪದವನ್ನೇ ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ, ತಪ್ಪಿದ ಸೋದರನನ್ನು ಮೆಲ್ಲಗೆ ಸರಿದಾರಿಗೆ ತರುವ ಕೆಲಸಕ್ಕೆ ಬಳಸಿದ್ದಾರೆ. ಮುರಿದ ಮೂಳೆ ಕೂರಿಸುವ ವೈದ್ಯರೂ ಅದೇ ಮಾತನ್ನಾಡುತ್ತಿದ್ದರು. ಬಲೆ, ಮೂಳೆ, ಮನುಷ್ಯ ಮೂರಕ್ಕೂ ಒಂದೇ ಪದ.

ಆ ಕಾಲದ ಒಂದು ದೋಣಿಯೂ ನಮಗೆ ದೊರಕಿದೆ. 1986ರ ಜನವರಿಯಲ್ಲಿ, ಬರದಿಂದ ಗಲಿಲೇಯ ಸರೋವರ ತಗ್ಗಿದಾಗ, ಗಿನ್ನೋಸಾರಿನ ಇಬ್ಬರು ಸೋದರರು ಕೆಸರಿನಲ್ಲಿ ಅದನ್ನು ಕಂಡರು. ಉದ್ದ 8 ಮೀಟರಿಗೆ ಮಿಗಿಲು, ಅಗಲ 2.3 ಮೀಟರು, ವಯಸ್ಸು ಸುಮಾರು ಎರಡು ಸಾವಿರ ವರ್ಷ. ಅದರಲ್ಲಿ ಹನ್ನೆರಡು ಬಗೆಯ ಮರಗಳು ಸಿಕ್ಕವು. ದೇವದಾರು, ಓಕ್ ಮುಖ್ಯವಾದರೂ ಕೈಗೆ ಸಿಕ್ಕ ಮರದ ತುಂಡುಗಳಿಂದಲೂ ತೇಪೆ ಹಾಕಲಾಗಿತ್ತು. ಯಾರೋ ಬಡ ಬೆಸ್ತರು ತಮ್ಮ ದೋಣಿಯನ್ನು ಮತ್ತೆ ಮತ್ತೆ ದುರಸ್ತಿ ಮಾಡಿ ಬದುಕಿಸಿಕೊಂಡಿದ್ದರು. ಅಂಥ ದೋಣಿಗೆ ಹಿಂಭಾಗದಲ್ಲಿ ದೊಡ್ಡದೊಂದು ಡೆಕ್ಕಿದ್ದಿತೆಂದೂ, ಬಿರುಗಾಳಿಯ ರಾತ್ರಿ ಪ್ರಭು ತಲೆದಿಂಬಿನ ಮೇಲೆ ಮಲಗಿದ್ದುದು ಅದರ ಕೆಳಗಿನ ಮರೆಯಲ್ಲೆಂದೂ ಆ ಶೋಧನೆ ನಡೆಸಿದ ವಿದ್ವಾಂಸರು ಊಹಿಸುತ್ತಾರೆ. ನೆನೆದು ಮೆತ್ತಗಾಗಿದ್ದ ಆ ದೋಣಿಯನ್ನು ಮೇಲೆತ್ತಲು ಅವರು ಒಳಗೆ ಫೈಬರ್‌ಗ್ಲಾಸಿನ ಪಕ್ಕೆಲುಬು ಕಟ್ಟಿ, ಸುತ್ತ ಫೋಮ್ ತುಂಬಿ, ಮತ್ತೆ ನೀರಿನ ಮೇಲೆ ತೇಲಿಸಿ ತಂದರು.

ಹಲಗೆಗಳೆಲ್ಲ ಒಂದೊಂದಾಗಿ ಬದಲಾದರೆ ಅದು ಅದೇ ದೋಣಿಯೇ ಎಂಬ ಪ್ರಶ್ನೆಯನ್ನು ಥೀಸಿಯಸ್ಸನ ಹಡಗಿನ ನೆಪದಲ್ಲಿ ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಗುರುಮಠದಲ್ಲಿ ನಾವು ಇದರ ಮೇಲೆ ಹಲವು ಸಂಜೆಗಳನ್ನು ಕಳೆದುದುಂಟು. ದ್ರವ್ಯ ಬದಲಾದರೂ ರೂಪ ಉಳಿದರೆ ವಸ್ತು ಉಳಿಯಿತೆಂದು ಅರಿಸ್ಟಾಟಲನ ದಾರಿಯಲ್ಲಿ ವಾದಿಸಿದವರು ನಾವು. ದೋಣಿಗಾರನಿಗೆ ಈ ಚರ್ಚೆ ಬೇಕಿಲ್ಲ. ಆತನಿಗೆ ಬೇಕಾದುದು ಹೊಸ ತಿರುಳು ಹಳೆಯದಕ್ಕಿಂತ ಭಾರವಾಗದಿರುವುದು.

ಇದು ಸಣ್ಣ ಮಾತಲ್ಲ. 10 ಚದರ ಮೀಟರಿನ ಡೆಕ್ಕಿಗೆ 12 ಮಿಲಿಮೀಟರು ದಪ್ಪದ ತಿರುಳು ಬೇಕೆನ್ನಿ. ಬಾಲ್ಸಾ ಆದರೆ ಸುಮಾರು 18 ಕಿಲೋ, ಪ್ಲೈವುಡ್ಡಾದರೆ ಸುಮಾರು 70 ಕಿಲೋ. ಒಬ್ಬ ಮನುಷ್ಯನನ್ನು ಸದಾಕಾಲ ಮೇಲೆ ನಿಲ್ಲಿಸಿದಂತೆ. ದೋಣಿಯಲ್ಲಿ ತೂಕ ಮೇಲೇರಿದಷ್ಟೂ ಅದು ಮಗುಚುವುದು ಸುಲಭ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿ 22 ಜನರನ್ನು ನುಂಗಿದ್ದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮೇಲಂತಸ್ತು ಕಟ್ಟಿ ಪ್ರವಾಸಿಗರಿಗೆ ಬಿಟ್ಟಿದ್ದ ದೋಣಿ. ತುಂಬಿಸಿದ್ದ ಜನರೂ ಮಿತಿ ಮೀರಿದ್ದರು. ನಮ್ಮವರ ದುಃಖ ಇನ್ನೂ ಹಿಂದಿನದು: 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಮಡಿದ 16 ಜನರಲ್ಲಿ ಶಿಗ್ಗಾವಿ ತಾಲ್ಲೂಕಿನ ಹೊಸೂರಿನ ಒಂದೇ ಮನೆತನದ ಹಲವರಿದ್ದರು, ಮಕ್ಕಳೂ ಇದ್ದರು. ಅಲ್ಲಿ ಡೆಕ್ಕು ಕೊಳೆತಿತ್ತೆಂದು ನಾವು ಹೇಳುತ್ತಿಲ್ಲ. ಜನ ಹೆಚ್ಚಾಗಿತ್ತು, ಅಲೆಯಿತ್ತು. ಆದರೆ ಕಡಲು ಕಾಣದ ಊರಿನವರು ದೋಣಿ ಹತ್ತುವಾಗ ಅದನ್ನು ನಡೆಸುವವನ ಮೇಲಿಡುವ ನಂಬಿಕೆ ಎಷ್ಟು ದೊಡ್ಡದೆಂಬುದು ಆ ದಿನ ಈ ಸೀಮೆಗೆಲ್ಲ ತಿಳಿಯಿತು.

ಹೊನ್ನಾವರದ ಸೋದರರು ಕೊನೆಗೆ ಡೆಕ್ಕು ಬಿಚ್ಚಿಸಿದರು. ಒಂದು ಋತುವಿನ ಗಳಿಕೆ ಹೋಯಿತು, ಮದುವೆ ಮುಂದಕ್ಕೆ ಹೋಯಿತು. ತಿರುಳಿಗೆ ಫೋಮನ್ನು ಆರಿಸಿದರು. ಬಾಗಿದ ಕಡೆ ಅದನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಗಟ್ಟಿಗೊಳಿಸಿದ ಎಪಾಕ್ಸಿಯ ಹಾಸಿನಲ್ಲಿ ಒತ್ತಿ, ಗಾಳಿಗುಳ್ಳೆ ಉಳಿಯದಂತೆ ಮರಳಿನ ಚೀಲಗಳನ್ನು ಹೇರಿ ಕೂರಿಸಿದರು. ಹಳೆಯ ಪದರದ ಅಂಚನ್ನು ಒಮ್ಮೆಲೇ ನಿಲ್ಲಿಸದೆ ದಪ್ಪದ ಹನ್ನೆರಡು ಪಟ್ಟು ದೂರದವರೆಗೆ ಇಳಿಜಾರಾಗಿ ಉಜ್ಜಿ ಹೊಸ ಪದರವನ್ನು ಅದರ ಮೇಲೆ ಹಾಯಿಸಿದರು. ಬೋಲ್ಟಿನ ಪ್ರತಿಯೊಂದು ರಂಧ್ರವನ್ನೂ ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿಯಿಂದ ತುಂಬಿ, ಅದು ಕಲ್ಲಾದ ಮೇಲೆ ನಡುವೆ ಮತ್ತೆ ಸಣ್ಣದಾಗಿ ಕೊರೆದರು. ಇನ್ನು ಅಲ್ಲಿ ನೀರಿಳಿದರೂ ಅದಕ್ಕೆ ತಿರುಳು ಸಿಗುವುದಿಲ್ಲ. ಈ ಒಂದು ಕೆಲಸವನ್ನು ದೋಣಿ ಕಟ್ಟಿದ ದಿನವೇ ಮಾಡಿದ್ದರೆ ಉಳಿದುದಾವುದೂ ಬೇಕಿರಲಿಲ್ಲ.

ಶಾಲೆಯ ಪ್ರವಾಸಕ್ಕೆ, ಧರ್ಮೋಪದೇಶದ ಮಕ್ಕಳ ವಿಹಾರಕ್ಕೆ ಹೊರಡುವ ಪಾಲಕರಿಗೆ, ಉಪದೇಶಿಗಳಿಗೆ ಇಷ್ಟು ಹೇಳುತ್ತೇವೆ. ದೋಣಿ ಹತ್ತುವ ಮೊದಲು ಎಷ್ಟು ಜನಕ್ಕೆ ಪರವಾನಗಿ ಎಂದು ಕೇಳಿರಿ, ಆ ಸಂಖ್ಯೆಯನ್ನು ನೀವೇ ಎಣಿಸಿರಿ. ತೇಲುಅಂಗಿಯನ್ನು ಆಸನದ ಕೆಳಗೆ ನೋಡಿ ತೃಪ್ತರಾಗದೆ ಮಕ್ಕಳ ಮೈಮೇಲೆ ಕಟ್ಟಿಸಿರಿ. ಹತ್ತಿದ ಕೂಡಲೇ ಗೂಟದ ಬುಡದಲ್ಲಿ, ಕಂಬಿಯ ಬುಡದಲ್ಲಿ ಹಿಮ್ಮಡಿಯೂರಿ ನಿಲ್ಲಿರಿ. ಹಾಸು ತಗ್ಗಿದರೆ ಅಥವಾ ಬೋಲ್ಟಿನ ಸುತ್ತ ಕಂದು ನೀರು ಒಸರಿದರೆ, ಕೊಟ್ಟ ಹಣ ಹೋದರೂ ಸರಿ, ಮಕ್ಕಳನ್ನು ಕರೆದುಕೊಂಡು ಇಳಿದುಬಿಡಿರಿ.