ಸ್ವಿಚ್ಚಿನೊಳಗಣ ಕಿಡಿಯೂ ಕರಾವಳಿಯ ತೇವವೂ

ಮನೆ ಕಟ್ಟಿಸುವವರು ಬಾಗಿಲ ದಾರಂದದ ಮರಕ್ಕಾಗಿ ಕಾರ್ಕಳದ ಮರದ ಮಿಲ್ಲುಗಳನ್ನೆಲ್ಲ ಸುತ್ತಿ, ನೆಲಕ್ಕೆ ಹಾಸುವ ಕಲ್ಲಿನ ಬಣ್ಣದ ವಿಷಯವಾಗಿ ಮನೆಮಂದಿಯೆಲ್ಲ ಕೂಡಿ ವಾರಗಟ್ಟಲೆ ಚರ್ಚಿಸಿ, ಕಟ್ಟಕಡೆಗೆ ದೀಪದ ಸ್ವಿಚ್ಚಿನ ಸರದಿ ಬಂದಾಗ ಉಡುಪಿಯ ಯಾವುದೋ ಅಂಗಡಿಯಲ್ಲಿ ಫಲಕಗಳ ಹೊಳಪನ್ನಷ್ಟೇ ಕಂಡು ಆಯ್ಕೆ ಮುಗಿಸಿಬಿಡುವುದು ಲೋಕರೂಢಿ. ಹೊಳಪಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಸ್ವಿಚ್ಚಿನ ನಿಜವಾದ ಯೋಗ್ಯತೆ ಪರೀಕ್ಷೆಗೊಳಗಾಗುವುದು ದೀಪವನ್ನು ಆರಿಸುವ ಕ್ಷಣದಲ್ಲಿ, ಫಲಕದ ಹಿಂದೆ, ಕೆಲವೇ ಮಿಲಿಮೀಟರುಗಳ ಅವಕಾಶದಲ್ಲಿ.

ಎರಡು ಲೋಹಖಂಡಗಳು ಪರಸ್ಪರ ಸ್ಪರ್ಶಿಸಿದರೆ ವಿದ್ಯುತ್ತು ಹರಿಯುವುದೆಂಬಷ್ಟು ಎಲ್ಲರೂ ಬಲ್ಲರು. ಅವು ಅಗಲುವಾಗ ಮಾತ್ರ, ಸ್ಪರ್ಶ ಉಳಿದಿರುವ ಕೊನೆಯ ಬಿಂದುವಿನಲ್ಲಿ ಸಮಸ್ತ ಪ್ರವಾಹವೂ ಇಕ್ಕಟ್ಟಿಗೆ ಸಿಲುಕಿ, ಅಲ್ಲಿಯ ಲೋಹ ಕಾದು ಕರಗಿ ಆವಿಯಾಗಿ, ಆ ಆವಿಯೇ ಪ್ರವಾಹಕ್ಕೆ ಸೇತುವೆಯಾಗಿ, ವಿದ್ಯುಚ್ಚಾಪವೆಂಬ ಪುಟ್ಟ ಕಿಡಿಯೊಂದು ಹುಟ್ಟುತ್ತದೆ. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತಗಳುಳ್ಳದ್ದಾದುದರಿಂದ ಸೆಕೆಂಡಿಗೆ 100 ಸಲ ಶೂನ್ಯಕ್ಕಿಳಿಯುತ್ತದೆ; ಕಿಡಿ ನಂದುವುದಕ್ಕೆ ಇದೊಂದು ಅನುಕೂಲ. ಉಳಿದುದು ಸ್ಪ್ರಿಂಗಿನ ಕೆಲಸ. ಬೆರಳು ಎಷ್ಟೇ ನಿಧಾನವಾಗಿ ಒತ್ತಿದರೂ ಸಂಪರ್ಕವು ಥಟ್ಟನೆ ಕಡಿದುಹೋಗುವಂತೆ ಸ್ವಿಚ್ಚನ್ನು ರಚಿಸಿದಾತ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್, 1884ರಲ್ಲಿ. ಆದಕಾರಣ ಅಂಗಡಿಯಲ್ಲಿ ಸ್ವಿಚ್ಚನ್ನು ಮೆಲ್ಲಮೆಲ್ಲನೆ ಒತ್ತಿ ನೋಡಬೇಕು. ನಡುವೆ ಎಲ್ಲಿಯೂ ತಡೆಯದೆ ಟಕ್ಕನೆ ಮಗುಚಿಕೊಂಡರೆ ಸರಿ. ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಅರ್ಧದಲ್ಲಿ ನಿಲ್ಲುವಂಥದಾದರೆ, ಐಎಸ್‌ಐ ಮುದ್ರೆಯಿದ್ದರೂ ಅದನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು.

ಸ್ಪರ್ಶಬಿಂದುಗಳಿಗೆ ಬೆಳ್ಳಿಯ ಮಿಶ್ರಲೋಹವನ್ನು ಕೂರಿಸುವುದು ಆಡಂಬರಕ್ಕಲ್ಲ. ತಾಮ್ರದ ಮೇಲೆ ಕಟ್ಟುವ ಆಕ್ಸೈಡಿನ ಪೊರೆ ಪ್ರವಾಹಕ್ಕೆ ಅಡ್ಡಿಯಾಗುತ್ತದೆ. ಬೆಳ್ಳಿಯ ಆಕ್ಸೈಡಾದರೋ ಕಿಡಿಯ ಕಾವಿಗೇ ವಿಘಟನೆ ಹೊಂದಿ ಮತ್ತೆ ಬೆಳ್ಳಿಯಾಗುತ್ತದೆ. ಆದರೆ ಸ್ಪರ್ಶಬಿಂದುವಿಗಿರುವ ಈ ರಕ್ಷಣೆ ತಂತಿಯನ್ನು ಬಿಗಿಯುವ ಸ್ಕ್ರೂವಿಗೆ ಇಲ್ಲ. 1901ರಿಂದ ದೀಪಸ್ತಂಭವೊಂದು ಬಂಡೆಯ ಮೇಲೆ ನಿಂತಿರುವ ಕಾಪುವಿನ ಕಡಲ ಬದಿಯ ಮನೆಗಳಲ್ಲಿ, ಗಾಳಿಯೊಡನೆ ಬರುವ ಉಪ್ಪಿನ ಸೂಕ್ಷ್ಮಕಣಗಳು ಗೋಡೆಯೊಳಗಣ ಪೆಟ್ಟಿಗೆಯನ್ನೂ ಹೊಕ್ಕು, ಅಲ್ಲಿ ತೇವವನ್ನು ಹೀರಿಕೊಂಡು ಕುಳಿತುಬಿಡುತ್ತವೆ; ತಂತಿಯ ತುದಿಗೆ ಹಸುರು ಕಿಲುಬು ಹತ್ತುತ್ತದೆ; ನಾಲ್ಕು ವರ್ಷ ಬಿಟ್ಟು ಕಬ್ಬಿಣದ ಸ್ಕ್ರೂವನ್ನು ತಿರುಗಿಸಹೋದರೆ ಅದರ ತಲೆ ಮಾತ್ರ ಕೈಗೆ ಬರುತ್ತದೆ. ಇಂಥಲ್ಲಿ ಪಿವಿಸಿ ಪೆಟ್ಟಿಗೆಯೂ ಹಿತ್ತಾಳೆಯ ಸ್ಕ್ರೂಗಳೂ ತಕ್ಕವು. ಕಿಲುಬು ಹಿಡಿದ ಸಡಿಲ ಜೋಡಣೆಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಇಲ್ಲಿ ನೆನೆಯಬೇಕು. 10 ವಾಟಿನ ಎಲ್‌ಇಡಿ ದೀಪಕ್ಕೆ ಸುಮಾರು 0.04 ಆಂಪಿಯರ್ ಸಾಕು; 2000 ವಾಟಿನ ಗೀಸರಿಗೆ 8.7 ಆಂಪಿಯರ್ ಬೇಕು. ಪ್ರವಾಹ 200 ಪಟ್ಟು, ಅದೇ ಜೋಡಣೆಯಲ್ಲಿ ಶಾಖ 40,000 ಪಟ್ಟು! ದೀಪಕ್ಕೂ ಫ್ಯಾನಿಗೂ ಸಾಕಾಗುವ 6 ಆಂಪಿಯರಿನ ಸ್ವಿಚ್ಚನ್ನು ಬಚ್ಚಲಿನ ಗೀಸರಿಗೆ ಹಾಕಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಡ.

ಇನ್ನು ಗೋಡೆ. ಮಣಿಪಾಲದ ಗುಡ್ಡವೇ ಮುರಕಲ್ಲಿನದು. ಸುತ್ತಲಿನ ಎಷ್ಟೋ ಮನೆಗಳ ಗೋಡೆಗಳೂ ಅದರವೇ. ಈ ಕಲ್ಲಿನ ಮೈಯೆಲ್ಲ ರಂಧ್ರ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಈ ಸೀಮೆಯಲ್ಲಿ, ನೈಋತ್ಯದಿಂದ ಬೀಸಿ ಬಡಿಯುವ ಆಷಾಢದ ಮಳೆಗೆ ಹೊರಗೋಡೆ ನೀರು ಕುಡಿದು, ಗೋಡೆಯನ್ನು ಕೊರೆದು ಹುದುಗಿಸಿದ ಪೆಟ್ಟಿಗೆಯಲ್ಲಿ ಒರತೆ ಕಾಣಿಸಿಕೊಳ್ಳುವುದುಂಟು. ಪಶ್ಚಿಮದ ಹೊರಗೋಡೆಯನ್ನು ಬಿಟ್ಟು ಒಳಗೋಡೆಯಲ್ಲಿ ಸ್ವಿಚ್ಚುಗಳನ್ನಿಡುವುದು ಅತಿ ಸುಲಭವಾದ ಉಪಾಯ. ನಕ್ಷೆ ಬರೆಯುವಾಗಲೇ ಹೇಳಿಬಿಟ್ಟರೆ ಕಾಸಿನ ಖರ್ಚೂ ಇಲ್ಲ. ಗೋಡೆಯಿಂದ ಹೊರಗೆ ಮರದ ಹಲಗೆಯ ಮೇಲೆ ಕರಿಯ ಬೇಕಲೈಟಿನ ಗುಂಡು ಸ್ವಿಚ್ಚುಗಳನ್ನು ಕೂರಿಸುತ್ತಿದ್ದ ಹಳೆಯ ಪದ್ಧತಿಯನ್ನು ನಾವು ಅಂದಗೇಡೆಂದು ತೊರೆದೆವು. ಗೋಡೆಯ ಒರತೆಯಿಂದ ಅದು ದೂರವಿತ್ತೆಂಬುದನ್ನಾದರೂ ಒಪ್ಪಬೇಕು.

ಜೋಡಣೆಯಲ್ಲಿ ಒಂದು ನಿಯಮ ಪ್ರಧಾನವಾದುದು: ಸ್ವಿಚ್ಚು ಫೇಸ್ ತಂತಿಯನ್ನೇ ಕಡಿಯಬೇಕು. ನ್ಯೂಟ್ರಲನ್ನು ಕಡಿದರೂ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ವಿದ್ಯುತ್ತು ಹಾಗೆಯೇ ಕಾದಿರುತ್ತದೆ. ಬಲ್ಬು ಬದಲಿಸಲೆಂದು ಸ್ಟೂಲು ಹತ್ತಿದವನಿಗೆ ಆಘಾತ ತಪ್ಪದು. ಆರಿಸಿದ ಎಲ್‌ಇಡಿ ದೀಪವು ರಾತ್ರಿಯಲ್ಲಿ ಮಿಣುಮಿಣುಕೆನ್ನುತ್ತಿದ್ದರೆ ಈ ತಪ್ಪನ್ನು ಶಂಕಿಸಬಹುದು, ಸ್ವಿಚ್ಚಿನಲ್ಲಿಯೇ ಇರುವ ಸೂಚಕದೀಪವೂ ಹಾಗೆ ಮಾಡುವುದುಂಟಾದರೂ. ಪರೀಕ್ಷೆ ಅನುಭವಸ್ಥ ಎಲೆಕ್ಟ್ರಿಷಿಯನ್ನರ ಕೆಲಸ. 30 ಮಿಲಿ ಆಂಪಿಯರಿನ ಸೋರಿಕೆಗೇ ಪ್ರವಾಹವನ್ನು ಕಡಿಯುವ ಆರ್‌ಸಿಸಿಬಿ ಇದೆಯೇ ಎಂದು ಆಗಲೇ ಕೇಳಿಕೊಳ್ಳಬಹುದು.

ಘಟ್ಟದ ಬುಡದಲ್ಲಿರುವ ಕಾರ್ಕಳದ ಕಡೆ, ಮಳೆಗಾಲದ ಮುನ್ನವೂ ಬಳಿಕವೂ ಸಂಜೆಯ ಸಿಡಿಲು ಪ್ರಬಲ. ಸ್ವಿಚ್ಚು ಆರಿಸಿದೆನಲ್ಲ ಎಂದು ನಿಶ್ಚಿಂತರಾಗುವವರು ಲೆಕ್ಕವೊಂದನ್ನು ಗಮನಿಸಬೇಕು: ಆರಿಸಿದ ಸ್ವಿಚ್ಚಿನೊಳಗಿನ ಅಂತರ ಸುಮಾರು 3 ಮಿಲಿಮೀಟರ್, ಮಿಲಿಮೀಟರಿಗೆ ಸುಮಾರು 3000 ವೋಲ್ಟಿನಂತೆ ಗಾಳಿ ತಡೆಯಬಲ್ಲುದಾದರೆ ಒಟ್ಟು 9000 ವೋಲ್ಟು. ಮೋಡದಿಂದ ನೆಲಕ್ಕೆ ನೆಗೆದುಬಂದ ಸಿಡಿಲಿಗೆ ಇದೊಂದು ತಡೆಯೇ ಅಲ್ಲ. ಟಿವಿಯ ಪ್ಲಗ್ಗನ್ನು ಕಿತ್ತಿಡಬೇಕು. ಅದನ್ನೂ ಗುಡುಗು ತಲೆಯ ಮೇಲೆ ಬಂದಾಗಲ್ಲ, ಮೂಡಲಲ್ಲಿ ಮೋಡ ಕಪ್ಪಿಡುತ್ತಿರುವಾಗಲೇ.