ಹೆಸರು ಕೇಳದ ಖಾತೆ

ಹತ್ತು-ಹನ್ನೆರಡು ವರ್ಷಗಳ ಹಿಂದೆ ಜಾಲತಾಣವೊಂದಕ್ಕೆ ಭದ್ರತಾ ಪ್ರಮಾಣಪತ್ರ ಬೇಕೆಂದರೆ ಸಾಮಾನ್ಯವಾಗಿ ದುಡ್ಡು ಕಟ್ಟಿ, ಅರ್ಜಿ ತುಂಬಿ, ಬಂದ ಕಡತವನ್ನು ಕೈಯಾರೆ ಸರ್ವರ್‌ಗೆ ಏರಿಸಬೇಕಿತ್ತು. ಅವಧಿ ಮುಗಿದರೆ ಮತ್ತದೇ ಪಾಡು. ಇಷ್ಟೆಲ್ಲ ಯಾಕೆಂದು ಎಷ್ಟೋ ಸಣ್ಣ ತಾಣಗಳು ರಕ್ಷಣೆಯೇ ಇಲ್ಲದೆ ನಡೆಯುತ್ತಿದ್ದವು. ಇದನ್ನು ಬದಲಿಸಲು ಮೊಜಿಲ್ಲಾದ ಜೋಶ್ ಆಸ್, ಎರಿಕ್ ರೆಸ್ಕೋರ್ಲಾ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಪೀಟರ್ ಎಕರ್ಸ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಕೈಜೋಡಿಸಿದರು. 2014ರ ನವೆಂಬರಿನಲ್ಲಿ ಘೋಷಣೆಯಾದ ‘ಲೆಟ್ಸ್ ಎನ್‌ಕ್ರಿಪ್ಟ್’ 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆಯಿತು: ಉಚಿತ, 90 ದಿನಗಳ ಪ್ರಮಾಣಪತ್ರ, ಕೊಡುವುದೂ ನವೀಕರಿಸುವುದೂ ಯಂತ್ರವೇ.

ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಖಾತೆ ತೆರೆಯುವ ರೀತಿ. ಇಲ್ಲಿ ಪಾಸ್‌ವರ್ಡ್ ಇಲ್ಲ, ಹೆಸರು ಬೇಕಿಲ್ಲ. ಸರ್ವರ್‌ನಲ್ಲಿರುವ ತಂತ್ರಾಂಶ ಒಂದು ಜೋಡಿ ಕೀಲಿ ಸೃಷ್ಟಿಸುತ್ತದೆ. ಗುಟ್ಟಿನ ಕೀಲಿಯಿಂದ ಸಹಿ ಮಾಡಿ, ಬಹಿರಂಗ ಕೀಲಿಯನ್ನು ಕಳಿಸಿ, ನಿಯಮಗಳಿಗೆ ಒಪ್ಪಿಗೆ ಸೂಚಿಸುತ್ತದೆ. ಪ್ರಮಾಣಪತ್ರ ನೀಡುವ ಪ್ರಾಧಿಕಾರ ಮರಳಿ ಕೊಡುವುದು ಒಂದು ಖಾತೆ-ವಿಳಾಸ. ಮುಂದಿನ ಕೋರಿಕೆಗಳಿಗೆಲ್ಲ ಆ ಕೀಲಿಯದೇ ಸಹಿ. ತಾಣ ನಿಮ್ಮದೇ ಎಂದು ತೋರಿಸಲು ಅದರಲ್ಲಿ ಇಡಬೇಕಾದ ಪುಟ್ಟ ಕಡತದಲ್ಲೂ ಖಾತೆಯ ಕೀಲಿಯ ಗುರುತು ಸೇರಿರುತ್ತದೆ. ಹಾಗಾಗಿ ಒಬ್ಬರಿಗೆ ಕೊಟ್ಟ ಪರೀಕ್ಷೆಯ ಉತ್ತರ ಇನ್ನೊಬ್ಬರ ಖಾತೆಗೆ ಒದಗುವುದಿಲ್ಲ. ಕೀಲಿ ಬದಲಿಸಬೇಕೆನಿಸಿದರೆ ಹಳೆಯದೂ ಹೊಸದೂ ಎರಡೂ ಸಹಿ ಹಾಕಬೇಕು. ಮುಚ್ಚಿದ ಖಾತೆ ಮತ್ತೆ ತೆರೆಯದು. ‘ಆಕ್ಮೆ’ ಎಂಬ ಈ ಸಂವಹನ ನಿಯಮಾವಳಿ (ಪ್ರೋಟೋಕಾಲ್) 2019ರ ಮಾರ್ಚಿನಲ್ಲಿ ಆರ್‌ಎಫ್‌ಸಿ 8555 ಎಂಬ ಮಾನದಂಡವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಅದರ ಹಳೆಯ ಆವೃತ್ತಿಯಲ್ಲಿ ಹೊಸ ಖಾತೆಗಳ ನೋಂದಣಿ ನಿಲ್ಲಿಸಿತು.

ಮನುಷ್ಯನ ಸುಳಿವಾಗಿ ಉಳಿದದ್ದು ಇ-ಮೇಲ್ ಒಂದೇ, ಅದೂ ಐಚ್ಛಿಕ. ಅದೇ ಪೇಚು ತಂದಿತು. 2016ರ ಜೂನ್‌ನಲ್ಲಿ ಬಳಕೆದಾರರೊಂದಿಗಿನ ಒಪ್ಪಂದದ ಬದಲಾವಣೆ ತಿಳಿಸಲು ಹೊರಟ ಸಂದೇಶಗಳ ಒಡಲಲ್ಲಿ ತಂತ್ರಾಂಶದ ದೋಷದಿಂದ ಇತರ ಚಂದಾದಾರರ ವಿಳಾಸಗಳೂ ಸೇರಿಕೊಂಡವು. ತಡೆಯುವಷ್ಟರಲ್ಲಿ 7,618 ವಿಳಾಸ ಬಯಲಾಗಿದ್ದವು. ಸಂಸ್ಥೆ ಅದನ್ನು ಮುಚ್ಚಿಡದೆ ಹೇಳಿಕೊಂಡಿತು. ಕೊನೆಗೆ 2025ರ ಜೂನ್‌ನಲ್ಲಿ ಅವಧಿ ಮುಗಿಯುವ ಮುನ್ನ ಕಳಿಸುತ್ತಿದ್ದ ಎಚ್ಚರಿಕೆಯ ಮೇಲ್ ನಿಂತಿತು. ಖಾತೆಗಳೊಂದಿಗೆ ಇಟ್ಟುಕೊಂಡಿದ್ದ ವಿಳಾಸಗಳನ್ನೂ ಅಳಿಸಿದರು. ಲಕ್ಷಾಂತರ ಜನರ ವಿಳಾಸ ಕಾಯುವುದಕ್ಕಿಂತ ಇಟ್ಟುಕೊಳ್ಳದಿರುವುದೇ ಲೇಸೆಂಬ ಈ ತೀರ್ಮಾನ ನನಗೆ ಸರಿಯೆನಿಸುತ್ತದೆ. ಇತರರ ಮಾಹಿತಿ ಕೂಡಿಡುವುದೇ ಕಸುಬಾಗಿರುವ ಈ ಕಾಲದಲ್ಲಿ ಹೀಗೆ ಮಾಡುವವರು ವಿರಳ.

ಆದರೆ ಖಾತೆಯ ಕೀಲಿ ಕಾಯುವ ಹೊಣೆ ಪೂರ್ತಿ ತಾಣದವರದು. ಕೀಲಿ ಕಳೆದರೆ ಮರಳಿ ಕೊಡುವವರಿಲ್ಲ. ಹೊಸ ಖಾತೆ ತೆರೆದು ತಾಣ ನಮ್ಮದೆಂದು ಮತ್ತೆ ರುಜುವಾತು ಮಾಡಿದರಾಯಿತು, ಸಾಮಾನ್ಯವಾಗಿ ನಷ್ಟವೇನಿಲ್ಲ. ಆರ್‌ಎಫ್‌ಸಿ 8657 ಎಂಬ ಇನ್ನೊಂದು ಮಾನದಂಡದ ಪ್ರಕಾರ ‘ಈ ಖಾತೆಗೆ ಮಾತ್ರ ಪ್ರಮಾಣಪತ್ರ ಕೊಡಿ’ ಎಂದು ತಾಣದ ಹೆಸರಿನ ಡಿಎನ್‌ಎಸ್ ದಾಖಲೆಯಲ್ಲಿ ಬರೆದಿಟ್ಟವರ ಸ್ಥಿತಿ ಮಾತ್ರ ಬೇರೆ. ಸರ್ವರ್ ಬದಲಿಸುವಾಗ ಅವರು ಹಳೆಯ ಕೀಲಿಯನ್ನು ಜೊತೆಗೊಯ್ಯಬೇಕು. ಇಲ್ಲವೇ ಮೊದಲು ಆ ದಾಖಲೆ ತಿದ್ದಿ, ಆಮೇಲೆ ಪ್ರಮಾಣಪತ್ರ ಕೇಳಬೇಕು.