ಗೋಡೆಯ ಸಾಕ್ಷ್ಯ: ಕಿತ್ತೂರು–ಸವದತ್ತಿ ಸೀಮೆಯ ಕಟ್ಟಡ ಸಾಮಗ್ರಿಗಳ ಪರೀಕ್ಷೆ

ಇತಿಹಾಸದ ಅಧ್ಯಾಪಕರು ಇಟ್ಟಿಗೆ, ಸುಣ್ಣ, ಮಣ್ಣುಗಳ ಗುಣಪರೀಕ್ಷೆಯನ್ನು ಕುರಿತು ಬರೆಯಹೊರಟದ್ದನ್ನು ಕಂಡು ವಾಚಕರು ಕೆಲಮಟ್ಟಿಗೆ ಆಶ್ಚರ್ಯಪಡಬಹುದು. ಈ ಕೆಲಸವು ಮುಖ್ಯವಾಗಿ ಇಂಜಿನಿಯರರದೆಂಬುದು ನಿಜ. ಆದರೆ ಶಾಸನವನ್ನಾಗಲಿ ದಫ್ತರವನ್ನಾಗಲಿ ಓದುವ ಮೊದಲು ಅದರ ಪ್ರಾಮಾಣ್ಯವನ್ನು ಶೋಧಿಸುವ ನಾವು, ಗೋಡೆಯ ಸಾಕ್ಷ್ಯವನ್ನು ಮಾತ್ರ ಕಣ್ಣಳತೆಯಿಂದಲೇ ಒಪ್ಪಿಬಿಡುತ್ತೇವೆ. 'ಕಲ್ಲು ಗಟ್ಟಿ, ಮಣ್ಣು ಸಡಿಲು' ಎಂಬ ನಂಬಿಕೆ ನಮ್ಮ ಬರಹಗಳಲ್ಲಿಯೂ ಬೇರೂರಿದೆ. 2019ರ ಅಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಹರಿದು ಮುನವಳ್ಳಿ, ರಾಮದುರ್ಗ ಮೊದಲಾದ ಊರುಗಳನ್ನು ನುಗ್ಗಿದಾಗ ಮಣ್ಣಿನ ಮನೆಗಳು ಬಿದ್ದುವು; ಜನರ ನಂಬಿಕೆ ಇನ್ನಷ್ಟು ಬಲವಾಯಿತು. ಆದರೆ ಅದೇ ನೆರೆಯಲ್ಲಿ ಕಲ್ಲಿನ ಗೋಡೆಗಳೂ ಬಿದ್ದುವೆಂಬುದನ್ನು ಲಕ್ಷಿಸಿದವರು ಕಡಿಮೆ. ಅವುಗಳ ಕಲ್ಲಿಗೆ ಏನೂ ಆಗಿರಲಿಲ್ಲ. ಕಲ್ಲುಗಳ ನಡುವಣ ಮಣ್ಣು ಕರಗಿ ಹೋಗಿತ್ತು. ನಮ್ಮ ವಿಚಾರವು ಹೊರಟದ್ದು ಇಲ್ಲಿಂದ.

ಈ ಸೀಮೆಯ ಭೂಮಿಯಲ್ಲಿ ಸಾಮಗ್ರಿಗಳಿಗೆ ಕೊರತೆಯಿಲ್ಲ. ಸವದತ್ತಿ, ರಾಮದುರ್ಗಗಳ ಗುಡ್ಡಗಳು ಕಲಾದಗಿ ಶ್ರೇಣಿಗೆ ಸೇರಿದ ಮರಳುಗಲ್ಲು ಮತ್ತು ಬೆಣಚುಗಲ್ಲುಗಳಿಂದಾದವು. ಈ ಶ್ರೇಣಿಯನ್ನು ರಾಬರ್ಟ್ ಬ್ರೂಸ್ ಫೂಟ್ ಅವರು 1876ರಲ್ಲಿ ಪ್ರಕಟವಾದ ತಮ್ಮ ಭೂವಿಜ್ಞಾನ ವರದಿಯಲ್ಲಿ ವಿವರಿಸಿದ್ದಾರೆ. ಅದರಲ್ಲಿಯೇ ಸುಣ್ಣಗಲ್ಲಿನ ಪದರುಗಳೂ ಉಂಟು. ನವಿಲುತೀರ್ಥದಲ್ಲಿ ಮಲಪ್ರಭೆಯು ಕೊರೆದ ಕಮರಿಯನ್ನು ನೋಡಿದವರಿಗೆ ಈ ಬೆಣಚುಗಲ್ಲಿನ ಬಿಗಿ ತಾನಾಗಿಯೇ ತಿಳಿಯುತ್ತದೆ. ಬೈಲಹೊಂಗಲದ ಸುತ್ತ ಎರೆಯ ಹೊಲಗಳು. ಕಿತ್ತೂರಿನಿಂದ ಪಡುವಣಕ್ಕೆ ನಡೆದಂತೆ ಕೆಂಪು ನೆಲ, ಮುಂದೆ ಖಾನಾಪುರದ ಕಡೆಗೆ ಜಂಬಿಟ್ಟಿಗೆ. ಕಿತ್ತೂರ ದೇಸಾಯಿಗಳು 17ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ ಕೋಟೆಗೆ ಮಾತ್ರ ಕರಿಗಲ್ಲೇ ಮುಖ್ಯ ಆಧಾರ.

ಕಲ್ಲಿನ ಪರೀಕ್ಷೆಯನ್ನು ಇಲ್ಲಿ ಬೆಳೆಸುವುದಿಲ್ಲ. ಉಪ್ಪಾರರು ಸುತ್ತಿಗೆಯಿಂದ ಬಡಿದು, ಗಂಟೆಯಂತೆ ನಾದ ಬಂದರೆ ಬಿರುಕಿಲ್ಲವೆಂದು ತಿಳಿಯುವ ಪದ್ಧತಿ ಇಂದಿಗೂ ನಂಬತಕ್ಕದ್ದೇ ಆಗಿದೆ. ಸುಟ್ಟ ಇಟ್ಟಿಗೆಯನ್ನೂ ಹಾಗೆಯೇ ನೋಡುತ್ತಾರೆ: ಒಂದಕ್ಕೊಂದು ತಾಕಿಸಿದರೆ ನಾದ ಬರಬೇಕು, ಉಗುರಿನಿಂದ ಗೀರಿದರೆ ಗುರುತು ಮೂಡಬಾರದು. ಪ್ರಯೋಗಶಾಲೆಯ ಪರೀಕ್ಷೆ ಇನ್ನೂ ಕಟ್ಟುನಿಟ್ಟಾದದ್ದು. ಇಟ್ಟಿಗೆಯನ್ನು ಪೂರ್ತಿ ಒಣಗಿಸಿ ತೂಗಿ, 24 ತಾಸು ನೀರಿನಲ್ಲಿಟ್ಟು ಮತ್ತೆ ತೂಗಬೇಕು. ಭಾರತೀಯ ಮಾನಕದಂತೆ ಸಾಧಾರಣ ಇಟ್ಟಿಗೆ ಹೀರುವ ನೀರು ಅದರ ತೂಕದ ನೂರಕ್ಕೆ 20ನ್ನು ಮೀರತಕ್ಕದ್ದಲ್ಲ. ಒತ್ತಡ ತಾಳುವ ಶಕ್ತಿಯಾದರೆ ಅತ್ಯಂತ ಕೆಳದರ್ಜೆಯ ಇಟ್ಟಿಗೆಗೂ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಇರಬೇಕು. ಈ ಶಕ್ತಿಯನ್ನು ಅಳೆಯುವ ಮುನ್ನವೂ ಇಟ್ಟಿಗೆಯನ್ನು ನೀರಿನಲ್ಲಿ ನೆನೆಯಿಡುತ್ತಾರೆ. ಸಿಮೆಂಟಿನ ಕಾಂಕ್ರೀಟನ್ನು 150 ಮಿಲಿಮೀಟರಿನ ಘನವಾಗಿ ಎರಕಹೊಯ್ದು 28 ದಿನಗಳ ಮೇಲೆ ಒತ್ತಿ ಮುರಿಯುವಾಗಲೂ ಅದನ್ನು ನೀರಿನಿಂದ ತೆಗೆದ ಹಸಿ ಸ್ಥಿತಿಯಲ್ಲಿಯೇ ಪರೀಕ್ಷಿಸುವುದು ಕ್ರಮ. ಒಣಗಿದ ಸಾಮಗ್ರಿ ಹೇಳುವ ಮಾತನ್ನು ಶಾಸ್ತ್ರವು ಪೂರ್ತಿ ನಂಬುವುದಿಲ್ಲ.

ಈ ದೃಷ್ಟಿಯಿಂದ ಮಣ್ಣಿನ ಗೋಡೆಯನ್ನು ನೋಡೋಣ. ಮೂರು ಮೀಟರ ಎತ್ತರದ ಗೋಡೆಯಿದೆ. ಒಂದು ಘನಮೀಟರ ಒಣಮಣ್ಣಿನ ಗೋಡೆ ಸುಮಾರು 1,800 ಕಿಲೋಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳೋಣ. ಆಗ ಗೋಡೆಯ ಬುಡದ ಮೇಲೆ ಅದರ ಸ್ವಂತ ಭಾರದಿಂದ ಬೀಳುವ ಒತ್ತಡವು ಚದರ ಮಿಲಿಮೀಟರಿಗೆ ಕೇವಲ 0.053 ನ್ಯೂಟನ್. ಗೇಣುದ್ದ ಮಣ್ಣು ಹೊತ್ತ ಮಾಳಿಗೆಯನ್ನು ಕೂಡಿಸಿದರೂ, ದಪ್ಪ ಗೋಡೆಯಲ್ಲಿ ಈ ಒತ್ತಡ 0.1ನ್ನು ಮುಟ್ಟುವುದಿಲ್ಲ. ಚೆನ್ನಾಗಿ ತುಳಿದು, ಹೊಟ್ಟು ಬೆರೆಸಿ, ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗೆ ಇದು ಭಾರವೇ ಅಲ್ಲ. ಅಂದಮೇಲೆ ನಮ್ಮ ಹಿರಿಯರ ಮನೆಗಳು ಶಕ್ತಿಯ ಕೊರತೆಯಿಂದ ಬಿದ್ದವೆನ್ನುವುದು ತಪ್ಪು. ಅದೇ ಇಟ್ಟಿಗೆಯನ್ನು ಒಂದು ಬೋಗುಣಿ ನೀರಿನಲ್ಲಿಟ್ಟು ನೋಡಬೇಕು. ಗುಳ್ಳೆಗಳೇಳುತ್ತವೆ, ಮೂಲೆಗಳು ಉದುರುತ್ತವೆ. ತುಸು ಹೊತ್ತಿನಲ್ಲಿಯೇ ಇಟ್ಟಿಗೆಯು ಕೆಸರಿನ ಗುಪ್ಪೆಯಾಗುತ್ತದೆ. ಒಣಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವ ಎಳೆತವು ನೀರು ತುಂಬಿದೊಡನೆ ಇಲ್ಲವಾಗುವುದೇ ಇದಕ್ಕೆ ಕಾರಣ. ಹಳೆಯ ಮನೆಗಳಿಗೆ ನೆಲದಿಂದ ಮೊಳಕಾಲೆತ್ತರದವರೆಗೆ ಕಲ್ಲಿನ ಕಟ್ಟು ಇರುತ್ತಿದ್ದುದು ಬೀದಿಯ ನೀರು ಮಣ್ಣನ್ನು ಮುಟ್ಟದಿರಲೆಂದು. 2019ರ ನೀರು ಆ ಗೆರೆಯನ್ನು ದಾಟಿತು.

ಬಿದ್ದ ಮನೆಯ ಸ್ಥಳದಲ್ಲಿ ಸಿಮೆಂಟಿನ ಮನೆಯನ್ನು ಕಟ್ಟಿದೊಡನೆ ಚಿಂತೆ ತೀರಿತೆನ್ನುವಂತೆಯೂ ಇಲ್ಲ. ಅಡಿಯಲ್ಲಿ ಎರೆಮಣ್ಣಿದ್ದರೆ ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಇದನ್ನು ಅಳೆಯುವ ಒಂದು ಪರೀಕ್ಷೆ ಎಷ್ಟು ಸರಳವೆಂದರೆ, ಶಾಲೆಯ ಮಕ್ಕಳೂ ಮಾಡಬಹುದು. ಒಣಗಿಸಿ ನಯವಾಗಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂನಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಚಿಮಣಿ ಎಣ್ಣೆಯನ್ನೂ ತುಂಬಿ, ಒಂದು ದಿನ ಬಿಡಬೇಕು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎಣ್ಣೆಯಲ್ಲಿ 10 ಮಿಲಿಲೀಟರಿಗೆ ನಿಂತದ್ದು ನೀರಿನಲ್ಲಿ 16ಕ್ಕೆ ಏರಿದರೆ ಆ ಮಣ್ಣಿನ ಉಬ್ಬುವಿಕೆ ನೂರಕ್ಕೆ 60. ಎರೆಮಣ್ಣು ಉಬ್ಬುವ ಒತ್ತಡವು ಅನೇಕ ವೇಳೆ ನಾವು ಮೇಲೆ ಲೆಕ್ಕಹಾಕಿದ 0.053ನ್ನು ಮೀರುವುದುಂಟು. ಹಗುರವಾದ ಒಂದಂತಸ್ತಿನ ಮನೆಯನ್ನು ನೆಲವೇ ಎತ್ತಿ ಇಳಿಸುತ್ತದೆ. ಮಣ್ಣಿನ ಗೋಡೆ ತುಸು ಬಾಗಿ ಇದನ್ನು ಸಹಿಸುತ್ತದೆ, ಬಿರುಕನ್ನು ಯುಗಾದಿಗೆ ಮೆತ್ತಿದರೆ ಮುಗಿಯಿತು. ಸಿಮೆಂಟಿನ ಬಿರುಕು ಹಾಗೆ ಮುಚ್ಚುವುದಿಲ್ಲ.

ಮಾಳಿಗೆಯ ಮೇಲ್ಮುದ್ದೆಯಲ್ಲಿ ಇನ್ನೊಂದು ಜಾಣ್ಮೆಯಿದೆ. ಹೊಲಕ್ಕೆ ಶಾಪವಾದ ಸವುಳುಮಣ್ಣನ್ನು ಮಾಳಿಗೆಗೆ ಹುಡುಕಿ ತರುತ್ತಿದ್ದರು. ಅದರಲ್ಲಿಯ ಸೋಡಿಯಂ ಕ್ಷಾರವು ಮಣ್ಣಿನ ಅತಿಸೂಕ್ಷ್ಮ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ತುಂಬಿಸುವುದರಿಂದ ನೀರು ಕೆಳಗಿಳಿಯದು. ಬೆಳೆಯ ಬೇರಿಗೆ ನೀರನ್ನು ತಡೆಯುವ ದೋಷವೇ ಚಾವಣಿಯಲ್ಲಿ ಗುಣವಾಗುತ್ತದೆ. ಗೋಡೆಗೆ ಹಾಳೂರ ದಿಬ್ಬಗಳಿಂದ ಮಣ್ಣು ತರುವ ರೂಢಿಯೂ ಇತ್ತು. ಅದರೊಡನೆ ನಮ್ಮ ವಿಭಾಗದವರು ನೋಡಬೇಕಾಗಿದ್ದ ಎಷ್ಟು ಮಡಕೆಯ ಚೂರುಗಳು ಗೋಡೆ ಸೇರಿದವೋ!

ಇನ್ನು ಸುಣ್ಣ. ನೂರು ಕಿಲೋಗ್ರಾಂ ಶುದ್ಧ ಸುಣ್ಣಗಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ ಉಳಿಯುವುದು 56 ಕಿಲೋಗ್ರಾಂ. ಮಿಕ್ಕದ್ದು ಇಂಗಾಲದ ಡೈ ಆಕ್ಸೈಡಾಗಿ ಹೋಗುತ್ತದೆ. ನೀರು ಹಾಕಿ ಅರಳಿಸಿ, ಉಸುಕಿನೊಡನೆ ಎತ್ತಿನ ಗಾಣದಲ್ಲಿ ಅರೆದ ಗಚ್ಚು, ಹೋದ ಅದೇ ಅನಿಲವನ್ನು ಗಾಳಿಯಿಂದ ಮರಳಿ ಪಡೆಯುತ್ತ ವರ್ಷಗಟ್ಟಲೆ ಗಟ್ಟಿಯಾಗುತ್ತದೆ. ಹಳೆಯ ಗಚ್ಚಿನಲ್ಲಿ ಸುಣ್ಣವೆಷ್ಟು ಉಸುಕೆಷ್ಟು ಎಂದು ತಿಳಿಯಲು ಅದನ್ನು ತೂಗಿ, ಪುಡಿಮಾಡಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕುತ್ತಾರೆ. ಸುಣ್ಣ ಕರಗುತ್ತದೆ, ಉಸುಕು ಉಳಿಯುತ್ತದೆ. ರಾಮದುರ್ಗದ ಕಡೆಯ ಒಂದು ಕೆಡವಿದ ಮನೆಯ ಗಚ್ಚನ್ನು ಹೀಗೆ ಕರಗಿಸಿ, ಉಳಿಕೆ ಅತ್ಯಲ್ಪವಾದುದನ್ನು ಕಂಡು, ಕಟ್ಟಿಸಿದವನು ಸುಣ್ಣಕ್ಕೆ ಬಹಳ ಧಾರಾಳಿಯೆಂದು ನಾವು ಟಿಪ್ಪಣಿ ಬರೆದುಕೊಂಡೆವು. ಸುಣ್ಣಗಲ್ಲಿನ ಸೀಮೆಯಲ್ಲಿ ಉಸುಕಿನಲ್ಲಿಯೇ ಸುಣ್ಣಗಲ್ಲಿನ ಹರಳು ಬೆರೆತಿದ್ದು ಅದೂ ಆಮ್ಲದಲ್ಲಿ ಕರಗುತ್ತದೆಂಬುದು ಆಮೇಲೆ ಹೊಳೆಯಿತು. ಟಿಪ್ಪಣಿಯನ್ನು ಹೊಡೆದುಹಾಕಿದೆವು. ಕರಗಿಸುವ ಮೊದಲು ಭೂತಗನ್ನಡಿಯಿಂದ ಹರಳುಗಳನ್ನು ನೋಡುವುದು ಈಗ ನಮ್ಮ ನಿಯಮ.

ಈ ಪರೀಕ್ಷೆಯಿಂದ ಪ್ರಯೋಜನವೇನೆಂದು ಕೇಳಬಹುದು. ಗಚ್ಚಿನ ಗೋಡೆ ಉಸಿರಾಡುತ್ತದೆ. ಒಳಸೇರಿದ ತೇವವು ಸಂದುಗಳಿಂದಲೇ ಹೊರಬೀಳುತ್ತದೆ. ಹಳೆಯ ವಾಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಆ ದಾರಿ ಮುಚ್ಚುತ್ತದೆ. ನೀರು ಹಿಂದೆ ನಿಂತು, ಅದರಲ್ಲಿಯ ಲವಣಗಳು ಹರಳುಗಟ್ಟಿ, ಕೆಲ ವರ್ಷಗಳಲ್ಲಿ ಗಿಲಾವು ಹಳೆಯ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಕಳಚುತ್ತದೆ. ಸಿಮೆಂಟು ಗಟ್ಟಿಯೆಂಬುದು ಸುಳ್ಳಲ್ಲ. ನೆರೆಯ ಇಟ್ಟಿಗೆಗಿಂತ ಗಟ್ಟಿಯಾದದ್ದೇ ಇಲ್ಲಿ ಕೇಡು. 1824ರ ಅಕ್ಟೋಬರ 23ರಂದು ಥ್ಯಾಕರೆ ಬಿದ್ದ, ಡಿಸೆಂಬರಿನಲ್ಲಿ ಇಂಗ್ಲಿಷರ ವಶವಾದ ಕಿತ್ತೂರ ಕೋಟೆಯ ಅಳಿದುಳಿದ ಗೋಡೆಗಳಿಗಾಗಲಿ, ಸವದತ್ತಿಯ ಕೊತ್ತಲಗಳಿಗಾಗಲಿ ಒಂದು ಬುಟ್ಟಿ ಗಚ್ಚು ಹಾಕುವ ಮುನ್ನ ಅಲ್ಲಿಯ ಮೂಲ ಗಚ್ಚಿನ ಪ್ರಮಾಣ ತಿಳಿದಿರಬೇಕು.

ಸಂರಕ್ಷಿತ ಸ್ಮಾರಕದಿಂದ ಅಪ್ಪಣೆಯಿಲ್ಲದೆ ಒಂದು ಚಿಟಿಕೆಯನ್ನೂ ತೆಗೆಯುವಂತಿಲ್ಲ, ತೆಗೆಯಲೂ ಬಾರದು. ಆದಕಾರಣ ನಾವು ಇದುವರೆಗೆ ಆಶ್ರಯಿಸಿದ್ದು ಊರವರು ಕೆಡವುವ ಮನೆಗಳನ್ನು. ಪ್ರತಿ ಬೇಸಿಗೆಯಲ್ಲಿಯೂ ಇಂಥವು ಕಡಿಮೆಯಾಗುತ್ತಿವೆ. ಈ ನಾಲ್ಕೂ ಊರುಗಳ ಕಡೆಯ ನಮ್ಮ ವಿದ್ಯಾರ್ಥಿಗಳು ತಮ್ಮ ಮನೆ ಕೆಡವುವಾಗ ಒಂದು ಇಟ್ಟಿಗೆ, ಒಂದು ಮುಷ್ಟಿ ಗಚ್ಚು, ಒಂದು ಸೇರು ಮೇಲ್ಮುದ್ದೆಯ ಮಣ್ಣನ್ನು ಬೇರೆಬೇರೆ ಚೀಲಗಳಲ್ಲಿ ಕಟ್ಟಿ, ಯಾವ ಗೋಡೆ, ನೆಲದಿಂದ ಎಷ್ಟು ಎತ್ತರ ಎಂದು ಚೀಟಿಯಲ್ಲಿ ಬರೆದು ವಿಭಾಗಕ್ಕೆ ತಲುಪಿಸಬೇಕೆಂದು ಕೋರುತ್ತೇವೆ. ಎತ್ತರವನ್ನು ಬರೆಯಲು ಮರೆಯಬಾರದು. ಬುಡದ ಮಣ್ಣೂ ನೆತ್ತಿಯ ಮಣ್ಣೂ ಒಂದೇ ಅಲ್ಲ.